ಮೂರು ಪೆಟ್ಟಿಗೆ, ಒಂದು ಚೂರು ರಬ್ಬರು

ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಮನೆಗಳು ಮುಗಿದು ಹೊಲಗಳು ಶುರುವಾಗುವ ಕಡೆ, ಮೌನೇಶಾಚಾರ್ರ ಗ್ಯಾರೇಜಿತ್ತು. ಅದಕ್ಕೆ ಬೋರ್ಡಿರಲಿಲ್ಲ. ಬೇಕಾದವರು ಹುಡುಕಿಕೊಂಡು ಬರುತ್ತಿದ್ದರು.

ಆಚಾರ್ರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಇಂಜಿನ್ ವಿಷಯದಲ್ಲಿ ಅವರು ಹೇಳಿದ್ದೇ ಹೇಳಿದ್ದು. ಆದರೆ ಹೇಳುತ್ತಿದ್ದುದೇ ಅಪರೂಪ. ಅವರ ಬಾಯಿಂದ ಒಂದು ಮಾತು ಹೊರಡಿಸುವಷ್ಟರಲ್ಲಿ ಎದುರಿಗಿದ್ದವರಿಗೆ ಸಾಕುಸಾಕಾಗುತ್ತಿತ್ತು.

ಆರು ವರ್ಷದಿಂದ ಅವರ ಕೈಕೆಳಗೆ ಕಲಿಯುತ್ತಿದ್ದವನು ಇಂದುಧರ. ಕೈ ಚುರುಕು, ತಲೆ ಇನ್ನೂ ಚುರುಕು. ತಾಳ್ಮೆ ಒಂದನ್ನು ಮಾತ್ರ ದೇವರು ಅವನಿಗೆ ಕೊಡುವುದು ಮರೆತಿದ್ದ.

ಒಂದು ಬೆಳಿಗ್ಗೆ ಇಂದುಧರ ಮೂರು ಹಾಳೆ ತಂದು ಗುರುಗಳ ಮುಂದೆ ಹರಡಿದ.

“ಗುರುಗಳೇ, ಶಾಂಭವಿ ಕಾರಿಗೆ ಹೊಸ ಕಂಪ್ಯೂಟರ್ ಹಾಕಬೇಕು. ಮೂರರಲ್ಲಿ ಯಾವುದು ಅಂತ ನೀವೇ ಹೇಳಬೇಕು.”

ಶಾಂಭವಿ ಅವನ ತಂಗಿ. ಊರಿನ ಹೆಂಗಸರಿಗೆ ಕಾರು ಓಡಿಸಲು ಕಲಿಸುವುದು ಅವಳ ಕೆಲಸ, ಕರಿಗುಡ್ಡ ಹತ್ತುವ ರೇಸಿನಲ್ಲಿ ಓಡಿಸುವುದು ಅವಳ ಆಸೆ. ಎರಡು ವರ್ಷ ಕಾದು ಈ ಸಲ ಹೆಸರು ಕೊಟ್ಟಿದ್ದಳು. ರೇಸಿಗೆ ಇನ್ನು ಹನ್ನೆರಡು ದಿನ ಇತ್ತು.

ಅವಳ ಪುಟ್ಟ ಕಾರಿಗೆ ಸೂಪರ್‌ಚಾರ್ಜರ್ ಕೂರಿಸಿದವನು ಇಂದುಧರನೇ. ಇಂಜಿನ್ ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ತುರುಕುವ ಯಂತ್ರ ಅದು. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು, ಕಿಡಿ ಹಾರುವ ಗಳಿಗೆಯೂ ಬದಲಾಗಬೇಕು. ಅದನ್ನೆಲ್ಲ ನೋಡಿಕೊಳ್ಳುವುದು ಕಂಪ್ಯೂಟರ್ ಪೆಟ್ಟಿಗೆ.

“ಹೇಳು,” ಅಂದರು ಆಚಾರ್ರು.

“ಒಂದು, ಕಾರಿನ ಜೊತೆ ಬಂದ ಪೆಟ್ಟಿಗೇನೇ ಇಟ್ಟುಕೊಂಡು ಒಳಗಿನ ಲೆಕ್ಕ ತಿದ್ದಿ ಬರೆಯೋದು.”

“ಹೂಂ.”

“ಎರಡು, ಅದಕ್ಕೆ ಇನ್ನೊಂದು ಚಿಕ್ಕ ಪೆಟ್ಟಿಗೆ ತಗುಲಿಸೋದು. ಗಾಳಿ ಇಷ್ಟೇ ಬರ್ತಿದೆ ಅಂತ ಅದು ಹಳೇದಕ್ಕೆ ಸುಳ್ಳು ಹೇಳತ್ತೆ. ಹಳೇದು ನಂಬ್ಕೊಂಡು ಕೆಲಸ ಮಾಡತ್ತೆ.”

“ಹೂಂ.”

“ಮೂರು, ಹಳೇದನ್ನ ಕಿತ್ತು ಪೂರ್ತಿ ಹೊಸದು ಹಾಕೋದು. ಅದಕ್ಕೆ ಏನೂ ಗೊತ್ತಿರಲ್ಲ. ನಾವು ಹೇಳಿದಷ್ಟು ಮಾಡತ್ತೆ, ಎದುರಾಡಲ್ಲ. ನನಗೆ ಇದೇ ಸರಿ ಅನ್ನಿಸ್ತಿದೆ.”

“ಈಗಿರೋದು ಎದುರಾಡತ್ತೇನು?”

“ಅಯ್ಯೋ, ಮಹಾ ಪುಕ್ಕಲು ಅದು! ಏರು ಹತ್ತುವಾಗ ಶಾಂಭವಿ ಪೂರ್ತಿ ಒತ್ತಿದರೆ ಸಾಕು, ಶಕ್ತಿ ಹಿಂದಕ್ಕೆ ಎಳ್ಕೊಂಡುಬಿಡ್ತಿತ್ತು.”

“ಎಳ್ಕೊಳ್ತಿತ್ತು. ಈಗ?”

ಇಂದುಧರ ಹಾಳೆಗಳನ್ನು ಸುಮ್ಮನೆ ಸರಿಪಡಿಸಿದ. “ಈಗ ಪರವಾಗಿಲ್ಲ. ಏನೋ ಸಣ್ಣದೊಂದು ಅಡ್ಜಸ್ಟ್ ಮಾಡಿದೆ.”

ಆ ಸಣ್ಣದು ಏನೆಂದರೆ ಇದು. ಸಿಲಿಂಡರಿನೊಳಗೆ ಪೆಟ್ರೋಲು ಹದ ತಪ್ಪಿ ತಾನೇ ಸಿಡಿಯುವುದಕ್ಕೆ ನಾಕ್ ಅನ್ನುತ್ತಾರೆ. ಬೆಳೆಯಲು ಬಿಟ್ಟರೆ ಪಿಸ್ಟನ್ನನ್ನೇ ತಿಂದುಹಾಕುತ್ತದೆ. ಅದರ ಅದುರುವಿಕೆಯನ್ನು ಹಿಡಿದು ಕಂಪ್ಯೂಟರಿಗೆ ಮುಟ್ಟಿಸಲೆಂದೇ ಇಂಜಿನ್ನಿಗೆ ಒಂದು ಸೆನ್ಸರ್ ಬಿಗಿದಿರುತ್ತಾರೆ. ಇಂದುಧರ ಆ ಸೆನ್ಸರ್ ಬಿಚ್ಚಿ, ಅಡಿಗೆ ಸೈಕಲ್ ಟ್ಯೂಬಿನ ಒಂದು ಚೂರು ರಬ್ಬರಿಟ್ಟು ಮತ್ತೆ ಬಿಗಿದಿದ್ದ. ರಬ್ಬರು ನಡುವೆ ಕೂತ ಮೇಲೆ ಸೆನ್ಸರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

“ನಾಕ್ ಇದ್ದರೆ ತಾನೆ ಪೆಟ್ಟಿಗೆ ಹಿಂದೆ ಸರಿಯೋದು?” ಆಚಾರ್ರು ಕೇಳಿದರು.

“ನಾಕ್ ಎಲ್ಲಿದೆ ಗುರುಗಳೇ? ಸೂಪರ್‌ಚಾರ್ಜರ್ ಕಿರುಚೋದನ್ನೇ ಅದು ನಾಕ್ ಅಂದ್ಕೊಳ್ಳತ್ತೆ. ಈ ಗಾಡಿಗಳಲ್ಲಿ ಅದು ಇದ್ದಿದ್ದೇ ಅಂತ ಎಲ್ಲರೂ ಹೇಳ್ತಾರೆ.”

“ಎಲ್ಲರೂ ಈ ಗಾಡೀಲಿ ಕೂತಿದ್ದರೇನು?”

ಆಚಾರ್ರು ಎದ್ದು ಹೋಗಿ ಗೋಡೆಯ ಮೊಳೆಯಿಂದ ಒಂದು ತಾಮ್ರದ ಕೊಳವೆ ಇಳಿಸಿದರು. ಅದರ ಒಂದು ತುದಿಯನ್ನು ಬಡಿದು ಚಪ್ಪಟೆ ಮಾಡಿ ತೂತು ಕೊರೆದಿತ್ತು. ಇನ್ನೊಂದು ತುದಿಗೆ ಉದ್ದದ ಪೈಪು, ಪೈಪಿನ ಕೊನೆಗೆ ಕಿವಿ ಮುಚ್ಚುವ ಎರಡು ಬಟ್ಟಲು. ಕಂಪ್ಯೂಟರ್ ಬರುವ ಮೊದಲು ಅವರು ಇಂಜಿನ್ನುಗಳ ಹೊಟ್ಟೆನೋವು ಕಂಡುಹಿಡಿಯುತ್ತಿದ್ದುದು ಇದರಿಂದಲೇ.

“ಇಂಜಿನ್ನಿಗೆ ಬಿಗಿ. ಕಿವಿಗಿಟ್ಟುಕೊಂಡು ಕೂತ್ಕೋ. ಆಮೇಲೆ ಪೆಟ್ಟಿಗೆ ಮಾತಾಡೋಣ.”

ಇಂದುಧರನಿಗೆ ರೇಗಿತು. ಹನ್ನೆರಡೇ ದಿನ ಉಳಿದಿರುವಾಗ ಇದೇನು ಮುದುಕರ ಆಟ ಅನ್ನಿಸಿತು. ಆದರೂ ಗ್ಯಾರೇಜಿನಲ್ಲೇ ಇಂಜಿನ್ ಹಚ್ಚಿ, ಬಟ್ಟಲು ಕಿವಿಗಿಟ್ಟುಕೊಂಡು, ಒಂದು ತಾಸು ಕೂತ.

“ಏನೂ ಇಲ್ಲ ಗುರುಗಳೇ. ಸ್ವಚ್ಛ ಇದೆ.”

“ಅದು ಪುಕ್ಕಲು ಆಗೋದು ಎಲ್ಲಿ?”

“ಏರಿನಲ್ಲಿ.”

“ಮತ್ತೆ ನೀನು ನೆರಳಲ್ಲಿ ಕೂತು ಏನು ಮಾಡ್ತಿದ್ದೀಯ?”

ಭಾನುವಾರ ಮಧ್ಯಾಹ್ನ ಅಣ್ಣ ತಂಗಿ ಕಲ್ಲುಕ್ವಾರಿಯ ಏರುದಾರಿಗೆ ಹೋದರು. ಆ ದಿನ ಅಲ್ಲಿ ಲಾರಿ ಓಡುವುದಿಲ್ಲ. ಶಾಂಭವಿ ಸ್ಟೀರಿಂಗ್ ಹಿಡಿದಳು. ಪಕ್ಕದಲ್ಲಿ ಇಂದುಧರ, ಕಿಟಕಿಯಿಂದ ಒಳಗೆ ಬಂದ ಪೈಪು, ಕಿವಿಯ ಮೇಲೆ ಬಟ್ಟಲು.

“ಒಳ್ಳೆ ಡಾಕ್ಟರ ಹಾಗೆ ಕಾಣ್ತೀಯ ಕಣೋ ಅಣ್ಣ,” ಅಂತ ನಕ್ಕು ಅವಳು ಪೂರ್ತಿ ಒತ್ತಿದಳು.

ಮೊದಲು ಸೂಪರ್‌ಚಾರ್ಜರಿನ ಕಿರುಚಾಟ ಬಂತು. ಅದು ಬರುವುದೇ. ಏರು ಕಡಿದಾದಂತೆ ಅದರ ಅಡಿಯಿಂದ ಬೇರೊಂದು ಸದ್ದು ಎದ್ದಿತು. ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಚಟಚಟ, ಚಟಚಟ. ಶಾಂಭವಿ ಕಾಲು ತೆಗೆದಾಗ ನಿಂತಿತು. ಒತ್ತಿದಾಗ ಮತ್ತೆ ಶುರುವಾಯಿತು.

ಇದು ಯಾವ ಸದ್ದು ಅಂತ ಇಂದುಧರನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಹೇಗಿದೆ?” ಶಾಂಭವಿ ಕೇಳಿದಳು. “ಈಗ ಎಷ್ಟು ಚೆನ್ನಾಗಿ ಎಳೀತಿದೆ ನೋಡು! ನಿನ್ನ ಕೈಗೆ ಚಿನ್ನದ ಕಡಗ ಹಾಕಿಸಬೇಕು.”

“ಸಾಕು, ವಾಪಸ್ ಹೋಗೋಣ,” ಅಂದ ಅವನು.

ಮಾರನೇ ದಿನ ಆಚಾರ್ರು ಕೇಳಿದರು. “ಏನು ಕೇಳಿಸ್ತು?”

ಹೇಳಿದರೆ ರಬ್ಬರಿನ ಮಾತೂ ಹೇಳಬೇಕಾಗುತ್ತದೆ. ಶಾಂಭವಿಯ ರೇಸೂ ನಿಲ್ಲುತ್ತದೆ. ಹೊಸ ಪೆಟ್ಟಿಗೆ ಬಂದುಬಿಟ್ಟರೆ ಎಲ್ಲ ಸದ್ದಿಲ್ಲದೆ ಸರಿಮಾಡಿಬಿಡಬಹುದು. ರಾತ್ರಿಯಿಡೀ ಇದನ್ನೇ ಲೆಕ್ಕ ಹಾಕಿದ್ದ.

“ಗಾಳಿ ಸದ್ದಿಗೆ ಸರಿಯಾಗಿ ಗೊತ್ತಾಗಲಿಲ್ಲ ಗುರುಗಳೇ,” ಅಂದ.

ಗುರುಗಳಿಗೆ ಹೇಳಿದ ಮೊದಲ ಸುಳ್ಳು ಅದು.

ಆಚಾರ್ರು ಬಾನೆಟ್ ಎತ್ತಿದರು. ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಬಿಸಿಲಿಗೆ ಹಿಡಿದು, ಭೂತಗನ್ನಡಿಯ ಜೊತೆ ಅವನ ಕೈಗಿಟ್ಟರು.

“ಏನು ಕಾಣತ್ತೆ?”

ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಸಣ್ಣ ಸಣ್ಣ ಚುಕ್ಕೆಗಳು ಹೊಳೆಯುತ್ತಿದ್ದವು.

“ಅಲ್ಯೂಮಿನಿಯಂ.”

“ಎಲ್ಲಿಂದ ಬಂತು?”

“ಪಿಸ್ಟನ್ನಿಂದ. ಸವೆದು ಹಾರಿದೆ.”

ಆಚಾರ್ರು ಇಂಜಿನ್ನಿನ ಹಿಂಬದಿಗೆ ಕೈ ತೂರಿಸಿದರು. ಕಣ್ಣು ಮುಚ್ಚಿಕೊಂಡೇ ಬೋಲ್ಟ್ ಸಡಿಲಿಸಿದರು. ಸ್ವಲ್ಪ ಹೊತ್ತಿನಲ್ಲಿ ಕೈ ಹೊರಗೆ ಬಂತು. ಬೆರಳ ತುದಿಯಲ್ಲಿ ಆ ರಬ್ಬರ್ ಚೂರಿತ್ತು. ಅದನ್ನು ಇಂದುಧರನ ಅಂಗೈಯಲ್ಲಿಟ್ಟರು.

“ಮೂರು ಪೆಟ್ಟಿಗೆ ತೋರಿಸಿದೆ. ಇದನ್ನ ತೋರಿಸಲಿಲ್ಲವಲ್ಲಪ್ಪ. ಇದು ಯಾವ ಕಂಪನಿದು?”

ಅವನಿಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

“ಎಷ್ಟು ದಿನ ಆಯ್ತು?”

“ಇಪ್ಪತ್ತು ದಿನ.”

“ಇಪ್ಪತ್ತು ದಿನ ಓಡಿಸಿದವರು ಯಾರು?”

ಕರಿಗುಡ್ಡದ ಮೂರನೇ ತಿರುವಿಗೆ ತಡೆಗೋಡೆ ಇಲ್ಲ. ಅಲ್ಲಿ ಪಿಸ್ಟನ್ ಒಡೆದು, ಎಣ್ಣೆ ಚಕ್ರದ ಅಡಿಗೆ ಚೆಲ್ಲಿದರೆ ಏನಾಗುತ್ತದೆ ಅನ್ನುವುದು ಇಂದುಧರನ ಕಣ್ಣಿಗೆ ಕಟ್ಟಿತು.

“ಈಗಲೇ ಇಂಜಿನ್ ಬಿಚ್ತೀನಿ ಗುರುಗಳೇ. ಹಗಲೂ ರಾತ್ರಿ ಕೂತು ಸರಿಮಾಡಿ, ಆಮೇಲೆ ಅವಳಿಗೆ ಹೇಳ್ತೀನಿ.”

ಆಚಾರ್ರು ಬಾನೆಟ್ ಮುಚ್ಚಿ ಅದರ ಮೇಲೆ ಕೂತರು. ಒಂದು ಬೀಡಿ ಹಚ್ಚಿದರು. ಅದು ಮುಗಿಯಿತು. ಅವರು ಏಳಲಿಲ್ಲ.

ಮೊದಲು ಅವಳಿಗೆ ಹೇಳಬೇಕು ಅನ್ನುವುದು ಅರ್ಥವಾಗಿ ಇಂದುಧರ ರಬ್ಬರ್ ಚೂರನ್ನು ಮುಷ್ಟಿಯಲ್ಲಿ ಹಿಡಿದು ಹೊರಟ.

ಶಾಂಭವಿ ಹೈಸ್ಕೂಲ್ ಮೈದಾನದಲ್ಲಿದ್ದಳು. ಪಾಠಕ್ಕೆಂದೇ ಇಟ್ಟ ಬೇರೆ ಕಾರಿನಲ್ಲಿ ಒಬ್ಬ ನರ್ಸಮ್ಮನಿಗೆ ಹಿಂದಕ್ಕೆ ತೆಗೆಯುವುದು ಕಲಿಸುತ್ತಿದ್ದಳು. ಪಾಠ ಮುಗಿಯುವವರೆಗೆ ಇಂದುಧರ ಬೇವಿನ ಮರದ ಕೆಳಗೆ ನಿಂತಿದ್ದ. ಆಮೇಲೆ ಮುಷ್ಟಿ ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ.

ಅವಳು ರಬ್ಬರನ್ನೇ ನೋಡುತ್ತಿದ್ದಳು.

“ನಾಕ್ ಇತ್ತು ಅಂತ ನಿನಗೆ ಗೊತ್ತಿತ್ತಾ?”

“ಹಾಕುವಾಗ ಗೊತ್ತಿರಲಿಲ್ಲ. ತಿಳ್ಕೊಳ್ಳೋಕೂ ಹೋಗಲಿಲ್ಲ.”

“ನಿನ್ನೆ?”

“ನಿನ್ನೆ ಗೊತ್ತಾಯ್ತು.”

“ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ.”

“ಇಲ್ಲ.”

ಅವಳ ಕಣ್ಣು ತುಂಬಿತು. “ಎಳೀತಿದೆ, ಎಳೀತಿದೆ ಅಂತ ಊರಿಗೆಲ್ಲ ನಿನ್ನ ಹೊಗಳಿಕೊಂಡು ಓಡಾಡಿದ್ನಲ್ಲೋ. ಅದು ಸಾಯ್ತಾ ಇತ್ತು, ನಾನು ಒತ್ತುತಾ ಇದ್ದೆ.”

ಇಂದುಧರ ತಲೆ ತಗ್ಗಿಸಿದ. ಕ್ಷಮಿಸು ಅನ್ನಲೂ ಅವನಿಗೆ ನಾಚಿಕೆಯಾಯಿತು.

“ಈ ವರ್ಷ ರೇಸ್ ಬೇಡ,” ಅಂದಳು ಶಾಂಭವಿ. “ಗಾಡಿಗೆ ಹೆದರಿ ಹೇಳ್ತಿಲ್ಲ. ನಿನಗೆ ಹೆದರಿ ಹೇಳ್ತಿದ್ದೀನಿ.”

ಆ ಮಾತು ಅವನಿಗೆ ನಾಟಿತು. ರೇಸಿನ ದಿನದವರೆಗೂ ಮನೆಯಲ್ಲಿ ಅವಳು ಅವನೊಡನೆ ಮಾತಾಡಲಿಲ್ಲ. ತಟ್ಟೆಗೆ ರೊಟ್ಟಿ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಆ ದಿನ ಬೆಳಿಗ್ಗೆಯೂ ಎಂದಿನಂತೆ ಮೈದಾನಕ್ಕೆ ಪಾಠ ಹೇಳಲು ಹೋದಳು.

ಮಧ್ಯಾಹ್ನ ಅವಳೇ ಗ್ಯಾರೇಜಿಗೆ ಬಂದಳು. ಆಚಾರ್ರಿಗೆ ಕೈಮುಗಿದು, ಅಣ್ಣನ ಕಡೆ ತಿರುಗಿದಳು.

“ಇಂಜಿನ್ ಬಿಚ್ಚು. ನಾನು ನೋಡಬೇಕು.”

ಅವನು ಅವಳಿಗಾಗಿಯೇ ಕಾದಿದ್ದ. ಅದುವರೆಗೆ ಒಂದು ಬೋಲ್ಟನ್ನೂ ಮುಟ್ಟಿರಲಿಲ್ಲ. ಇಬ್ಬರೂ ಕೂತರು. ಅವನು ಬಿಚ್ಚಿದ ಒಂದೊಂದು ಭಾಗವನ್ನೂ ಅವಳು ಸೀಮೆಎಣ್ಣೆಯಲ್ಲಿ ತೊಳೆದು ಗೋಣಿಯ ಮೇಲೆ ಸಾಲಾಗಿಟ್ಟಳು. ನಾಲ್ಕು ಪಿಸ್ಟನ್ನುಗಳಲ್ಲಿ ಮೂರು ಗಟ್ಟಿಯಾಗಿದ್ದವು. ನಾಲ್ಕನೆಯದರ ಅಂಚನ್ನು ಇಲಿ ಕಡಿದ ಹಾಗಿತ್ತು. ಅವಳು ಆ ಅಂಚಿನ ಮೇಲೆ ಬೆರಳಾಡಿಸಿದಳು.

“ಇನ್ನೆಷ್ಟು ದಿನ ತಡೀತಿತ್ತು?”

“ಕರಿಗುಡ್ಡ ಹತ್ತಿ ಮುಗಿಸ್ತಿರಲಿಲ್ಲ,” ಅಂದ ಇಂದುಧರ. ಮರೆಮಾಚಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಮರೆಮಾಚಲಿಲ್ಲ.

ಶಾಂಭವಿ ಪಿಸ್ಟನ್ ಕೆಳಗಿಟ್ಟಳು. ಅವನ ಮುಖ ನೋಡಿದಳು.

“ಹೊಸ ಪಿಸ್ಟನ್ ತರಿಸು. ಮುಂದಿನ ವರ್ಷ ಹತ್ತೋಣ.”

ಇಂದುಧರ ಕೈ ಒರೆಸಿಕೊಂಡು ಗುರುಗಳ ಹತ್ತಿರ ಹೋದ. ಅವರು ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

“ಗುರುಗಳೇ, ನಾನು ಮೂರನೆಯ ಪೆಟ್ಟಿಗೇನೇ ತರ್ತೀನಿ. ಗಾಳಿಗೆ ತಕ್ಕಂತೆ ಪೆಟ್ರೋಲು, ಕಿಡಿ ಎರಡನ್ನೂ ಅದರಲ್ಲಿ ಹದವಾಗಿ ಇಡಬಹುದು.”

“ಅದು ಎದುರಾಡಲ್ಲ ಅಂದಿದ್ದೆ.”

“ಎದುರಾಡೋದನ್ನೇ ಮೊದಲು ಬರೀತೀನಿ. ನಾಕ್ ಬಂದರೆ ಶಕ್ತಿ ಇಳಿಸಬೇಕು. ಮತ್ತೂ ಬಂದರೆ ಇಂಜಿನ್ ನಿಲ್ಲಿಸಬೇಕು. ಸೆನ್ಸರನ್ನ ಬರಿಯ ಲೋಹದ ಮೇಲೆ ಕೂರಿಸ್ತೀನಿ.”

“ಬರೆದದ್ದನ್ನ ನೀನೇ ಅಳಿಸಬಹುದಲ್ಲ?”

“ಆಗಲ್ಲ. ಅದಕ್ಕೆ ಪಾಸ್‌ವರ್ಡ್ ಇದೆ. ಅದನ್ನ ಶಾಂಭವಿ ಇಟ್ಟುಕೊಳ್ತಾಳೆ, ನನಗೆ ಹೇಳಲ್ಲ. ಒಂದು ಅಂಕಿ ಬದಲಾಯಿಸಬೇಕಾದರೂ ಅವಳನ್ನ ಕೂರಿಸ್ಕೊಂಡು, ಯಾಕೆ ಅಂತ ಹೇಳಿ, ಅವಳು ಒಪ್ಪಿದರೆ ಮಾತ್ರ.” ಆಮೇಲೆ ಕೇಳಿದ. “ಈ ಪೆಟ್ಟಿಗೆ ಆದೀತಾ ಗುರುಗಳೇ?”

ಆಚಾರ್ರು ಅವನ ಕಡೆ ತಿರುಗಿದರು.

“ಇವತ್ತಿಗೆ ಮೂರರಲ್ಲಿ ಯಾವುದಾದರೂ ಆದೀತು ತಮ್ಮಾ. ಅವತ್ತು ನೀನು ಕೇಳಿದಾಗ ಒಂದೂ ಆಗ್ತಿರಲಿಲ್ಲ.”