ಕಾವಲಿಗೆ ಕೂತ ಬನಿಯನ್

ಗುರುಪಾದಪ್ಪನವರು ತಮ್ಮ ಹಳೇ ಕಾರನ್ನು ತಾವೇ ರಿಪೇರಿ ಮಾಡುತ್ತೇನೆಂದು ಬಿಚ್ಚಿಕೊಂಡು ಕೂತಾಗ, ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಗೆ ಹರಕು ಬನಿಯನ್ ಒಂದನ್ನು ತುರುಕಿ, "ಒಂದು ಕಣ ಧೂಳೂ ಒಳಗೆ ಹೋಗಕೂಡದು" ಎಂದರು. ನೆಲ ಒರೆಸಿಕೊಂಡಿದ್ದ ಬನಿಯನ್ನಿಗೆ ಅಷ್ಟು ದೊಡ್ಡ ಕೆಲಸವನ್ನು ಯಾರೂ ಒಪ್ಪಿಸಿರಲಿಲ್ಲ. ಅದು ಮೈ ಬಿಗಿಮಾಡಿಕೊಂಡು ಕೂತಿತು. ರಿಪೇರಿ ಮುಗಿಸಿದ ಗುರುಪಾದಪ್ಪನವರು ಅದನ್ನು ಮರೆತೇಬಿಟ್ಟು ಮೇಲೆ ಮುಚ್ಚಳ ಬಿಗಿದರು.

ಕೀ ತಿರುಗಿಸಿದರೆ ಎಂಜಿನ್ನು ಕೆಮ್ಮಿ ನಿಂತುಹೋಯಿತು. ಪ್ಲಗ್ಗು ಬದಲಾಯಿಸಿದರು, ಬ್ಯಾಟರಿ ಬದಲಾಯಿಸಿದರು. ಕೆಮ್ಮು ಹೆಚ್ಚಾಯಿತೇ ಹೊರತು ಬಿಡಲಿಲ್ಲ.

"ಯಾರೋ ನನ್ನ ಕತ್ತು ಹಿಸುಕುತ್ತಿದ್ದಾರೆ," ಎಂದು ಎಂಜಿನ್ನು ನರಳಿತು.

"ಹೆದರಬೇಡಿ ಯಜಮಾನರೇ, ಬಾಗಿಲಲ್ಲಿ ನಾನಿದ್ದೇನೆ," ಎಂದಿತು ಬನಿಯನ್. "ಒಳಗೆ ಬಿಡು ಎಂದು ಗಾಳಿ ಆಗಿನಿಂದ ಗೋಗರೆಯುತ್ತಿದೆ. ಅದರ ಬೆನ್ನಿಗೇ ಧೂಳು ಬರುತ್ತದೆಂದು ನನಗೆ ಗೊತ್ತಿಲ್ಲವೇ? ಬಿಟ್ಟಿಲ್ಲ." ಎಂಜಿನ್ನು ನರಳಿದಷ್ಟೂ ಅದು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಂಡಿತು.

ಕಡೆಗೆ ಮುಚ್ಚಳ ತೆಗೆದ ಗುರುಪಾದಪ್ಪನವರು ಹಣೆ ಚಚ್ಚಿಕೊಂಡರು. "ಅಯ್ಯೋ ಶಿವನೇ, ಇದನ್ನು ಇಟ್ಟವನು ನಾನೇ ಅಲ್ಲವೇ," ಎಂದರು. ಬನಿಯನ್ ಶಹಭಾಸ್ ಅನ್ನಿಸಿಕೊಳ್ಳಲು ಕಾಯುತ್ತಿತ್ತು. ಅವರು ಅದನ್ನು ಕಿತ್ತು ನೆಲಕ್ಕೆ ಎಸೆದು ಕೀ ತಿರುಗಿಸಿದರು. ಎಂಜಿನ್ನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಬನಿಯನ್ ದಂಗಾಯಿತು. "ಯಜಮಾನರೇ, ಕತ್ತು ಹಿಸುಕುತ್ತಿದ್ದವನು ಸಿಕ್ಕಿದನೇ?" ಎಂದು ತೊದಲಿತು.

"ಸಿಕ್ಕಿದ," ಎಂದಿತು ಎಂಜಿನ್ನು, ಎದೆ ತುಂಬ ಉಸಿರೆಳೆದುಕೊಂಡು. "ಹೆದರಬೇಡಿ ಎಂದು ಧೈರ್ಯ ಹೇಳುತ್ತಿದ್ದವನೇ."