ನರ್ಸಮ್ಮನೂ ದರ್ಜಿಯ ಹೆಬ್ಬೆರಳೂ

"ಗುರುಗಳೇ, ಗೊತ್ತಿರೋ ಕೆಲಸವನ್ನೇ ಮತ್ತೆ ಕೂತು ಓದೋದು ಯಾಕೆ?" ಎಂದು ಶಿಷ್ಯ ಕೇಳಿದ.

ಹತ್ತು ವರ್ಷದಿಂದ ಮಠದ ಅಡುಗೆಮನೆ ಅವನದೇ. ಪಥ್ಯದ ಅಡುಗೆ ಕಲಿಸುವ ಕಡೆ ವಾರಕ್ಕೊಂದು ದಿನ ಹೋಗಿ ಬಾ ಎಂದು ಗುರುಗಳು ಆಗಷ್ಟೇ ಹೇಳಿದ್ದರು. ಅವನ ಮುಖ ಉಪ್ಪಿಲ್ಲದ ಸಾರಿನ ಹಾಗಾಗಿತ್ತು.

ಗುರುಗಳು ಮಜ್ಜಿಗೆ ಲೋಟ ಕೆಳಗಿಟ್ಟು ಹೇಳತೊಡಗಿದರು.

ಒಂದು ಊರಿನ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಇದ್ದಳು. ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಹನ್ನೆರಡು ವರ್ಷ ಅದನ್ನೇ ಮಾಡಿದ್ದಳು. ರೋಗಿ ಬಾಗಿಲಲ್ಲಿ ಚಪ್ಪಲಿ ಬಿಡುವ ರೀತಿ ನೋಡಿಯೇ ಗಾಯ ಎಲ್ಲಿದೆ, ಎಷ್ಟು ದಿನದ್ದು, ಮನೆಯವರು ಅದಕ್ಕೆ ಅರಿಸಿನ ಮೆತ್ತಿದ್ದಾರೋ ಕಾಫಿಪುಡಿ ಮೆತ್ತಿದ್ದಾರೋ, ಎಲ್ಲ ಹೇಳಿಬಿಡುವಳು. ಹೇಳುವುದು ಮನಸ್ಸಿನೊಳಗೆ. ಬಾಯಿಬಿಟ್ಟು ಹೇಳುವ ಕೆಲಸ ಅಲ್ಲಿ ದೊಡ್ಡ ಡಾಕ್ಟರದು.

ಆದ್ದರಿಂದ ಅವಳು ಒಂದು ಉಪಾಯ ಕಂಡುಕೊಂಡಿದ್ದಳು. ಡಾಕ್ಟರು ಒಗ್ಗದ ಮುಲಾಮು ಬರೆಯಲು ಪೆನ್ನು ತೆಗೆದರೆ, "ಸಾರ್, ಆ ಇನ್ನೊಂದು ಮುಲಾಮು ಸ್ಟೋರಲ್ಲಿ ಇದೆಯಾ ನೋಡ್ಕೊಂಡು ಬರಲಾ?" ಎನ್ನುವಳು. ಡಾಕ್ಟರಿಗೆ ಥಟ್ಟನೆ ಇನ್ನೊಂದು ಮುಲಾಮು ನೆನಪಾಗುವುದು. "ಹ್ಞೂಂ, ನಾನೂ ಅದನ್ನೇ ಬರೀತಿದ್ದೆ" ಎನ್ನುವರು. ಡಾಕ್ಟರಿಗೆ ಮರ್ಯಾದೆ ಉಳಿಯಿತು, ರೋಗಿಗೆ ಗುಣವಾಯಿತು. ನರ್ಸಮ್ಮನ ಹೆಸರು ಮಾತ್ರ ಎಲ್ಲಿಯೂ ಬರಲಿಲ್ಲ.

ಗಾಯದ ಚಿಕಿತ್ಸೆಯಲ್ಲೇ ಪರಿಣತ ನರ್ಸ್ ಆಗಬೇಕೆಂದು ಅವಳು ಎರಡು ವರ್ಷದ ಸ್ನಾತಕೋತ್ತರ ಕೋರ್ಸಿಗೆ ಸೇರಿದಳು. ಐದು ದಿನ ಡ್ಯೂಟಿ, ಶನಿವಾರ ಭಾನುವಾರ ಕ್ಲಾಸು. ಬಸ್ಸಿನಲ್ಲಿ ಓದಿದಳು, ಕುಕ್ಕರ್ ಕೂಗುವಷ್ಟರಲ್ಲಿ ಓದಿದಳು. ಒಂದು ಶನಿವಾರ ನಿದ್ದೆಗಣ್ಣಿನಲ್ಲಿ ಗಂಡನ ಚೀಲಕ್ಕೆ ಪುಸ್ತಕ ತುರುಕಿ, ತನ್ನ ಚೀಲದಲ್ಲಿ ಅವನ ಊಟದ ಡಬ್ಬಿ ಇಟ್ಟುಕೊಂಡು ಹೋದಳು. ಆ ದಿನ ಕ್ಲಾಸಿನವರೆಲ್ಲ ಚಿತ್ರಾನ್ನ ತಿಂದರು. ಗಂಡ ಏನು ತಿಂದನೋ, ಆ ವಿಷಯ ಕತೆಯಲ್ಲಿ ಬಂದಿಲ್ಲ.

ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಪಾಠ ಮಾಡುವ ಮೇಡಂ ಒಂದು ರಬ್ಬರ್ ಕಾಲನ್ನು ಮೇಜಿನ ಮೇಲಿಟ್ಟರು. ಕಾಲಿಗೆ ಬಣ್ಣದಲ್ಲಿ ಗಾಯ ಬರೆದಿತ್ತು.

"ಇದಕ್ಕೆ ಏನು ಮಾಡ್ತೀಯಮ್ಮ?"

"ಸಾರ್ ಹೇಳಿದ ಹಾಗೆ ಮಾಡ್ತೀನಿ ಮೇಡಂ."

"ಇಲ್ಲಿ ಯಾವ ಸಾರೂ ಇಲ್ಲ. ನೀನೇ ಹೇಳಬೇಕು."

ನರ್ಸಮ್ಮ ಬಾಗಿಲ ಕಡೆ ನೋಡಿದಳು. "ಪರವಾಗಿಲ್ಲ ಮೇಡಂ, ಅವರು ಬರೋವರೆಗೂ ಕಾಯ್ತೀನಿ" ಎಂದಳು.

ಫೇಲಾದಳು. ಮೇಡಂ ಅಯ್ಯೋ ಪಾಪ ಎಂದು ಇನ್ನೊಂದು ಅವಕಾಶ ಕೊಟ್ಟರು. ಅವಳ ಆಸ್ಪತ್ರೆಯದೇ ಒಬ್ಬ ರೋಗಿ. ಏನು ಮಾಡಬೇಕೆಂದು ಅವಳೇ ತೀರ್ಮಾನಿಸಬೇಕು, ಕೇಸ್ ಶೀಟಿನಲ್ಲಿ ಬರೆಯಬೇಕು, ಕೆಳಗೆ ಸೈನು ಹಾಕಬೇಕು. ಇಲ್ಲವಾದರೆ ಕೋರ್ಸು ಅಲ್ಲಿಗೇ ಮುಗಿಯಿತು.

ಆಗ ಅವಳ ಹತ್ತಿರ ಒಬ್ಬ ದರ್ಜಿ ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಿಕೊಳ್ಳಲು ಬರುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಬಲಗಾಲಿನ ಹೆಬ್ಬೆರಳಿನ ಅಡಿಯಲ್ಲಿ ಗಾಯ. ಕಾಲಿನ ಸ್ಪರ್ಶವೇ ಸತ್ತಿದ್ದರಿಂದ ನೋವು ಗೊತ್ತಾಗುತ್ತಿರಲಿಲ್ಲ. ಮೆಷಿನ್ ತುಳಿಯುತ್ತಿಲ್ಲ ತಾನೇ ಎಂದು ಕೇಳಿದರೆ, "ರಾಮ ರಾಮಾ! ಅದರ ಕಡೆ ತಿರುಗಿಯೂ ನೋಡಿಲ್ಲ ಸಿಸ್ಟರ್" ಎನ್ನುವನು. ಪಟ್ಟಿ ಬಿಚ್ಚಿದರೆ ಒಂದು ದಿನ ಕೆಂಪು ದಾರದ ತುಂಡು, ಇನ್ನೊಂದು ದಿನ ಹಸಿರು, ಮತ್ತೊಂದು ದಿನ ಜರಿ. ಮದುವೆಗಳ ಕಾಲ. ಯಾವ ಮದುವೆಗೆ ಯಾವ ಬಣ್ಣದ ರವಿಕೆ ಎಂಬುದು ಬೀಗರಿಗಿಂತ ಮೊದಲು ನರ್ಸಮ್ಮನಿಗೆ ಗೊತ್ತಾಗುತ್ತಿತ್ತು.

ಮೂರು ವಾರ ಕಳೆದರೂ ಗಾಯ ಮಾಯಲಿಲ್ಲ. ಸೋಮವಾರ ಬೆರಳು ತೆಗೆದುಬಿಡೋಣ ಎಂದು ದೊಡ್ಡ ಡಾಕ್ಟರು ಬರೆದರು.

ನರ್ಸಮ್ಮ ಕಾಲೇಜಿನಲ್ಲಿ ಕಲಿಸಿದ ಹಾಗೆ ಪಾದದ ನಾಡಿ ಹಿಡಿದು ನೋಡಿದಳು. ರಕ್ತ ಚೆನ್ನಾಗಿ ಹರಿಯುತ್ತಿತ್ತು. ತುಳಿಯುವುದು ನಿಂತರೆ ಬೆರಳು ಉಳಿಯುತ್ತದೆ. ಆದರೆ ಹೇಳುವುದು ಹೇಗೆ? ಹಳೆಯ ಉಪಾಯಕ್ಕೇ ಕೈಹಾಕಿದಳು.

"ಸಾರ್, ಇವರು ದರ್ಜಿ ಅಲ್ವಾ?"

"ಹೌದು. ನನ್ನ ಕೋಟೂ ಇವರೇ ಹೊಲಿದದ್ದು."

"ಮೆಷಿನ್ನು ಕಾಲಲ್ಲಿ ತುಳಿಯೋದಲ್ವಾ ಸಾರ್?"

"ಕರೆಂಟಿನದು ತಗೊಳ್ಳಲಿ ಬಿಡಿ ಸಿಸ್ಟರ್. ಬೆರಳು ಹೋದ ಮೇಲೆ ಅದೇ ಅನುಕೂಲ."

ಮರುದಿನ ಅವಳು ದಾರದ ತುಂಡನ್ನು ಇಕ್ಕಳದಲ್ಲಿ ಹಿಡಿದು ಡಾಕ್ಟರ ಮೂಗಿನ ಹತ್ತಿರಕ್ಕೇ ಒಯ್ದಳು. "ಸಾರ್, ಇದು ನೋಡಿದರೆ ನಿಮಗೆ ಏನನ್ನಿಸುತ್ತೆ?"

ಡಾಕ್ಟರು ಕನ್ನಡಕ ಏರಿಸಿ ನೋಡಿದರು. "ಗಿಳಿಹಸಿರು" ಎಂದು ಮುಂದಿನ ರೋಗಿಯ ಕಡೆ ಹೋದರು.

ಸೋಮವಾರ ಬಂತು. ನರ್ಸಮ್ಮ ಪರೀಕ್ಷೆಗೆ ಆರಿಸಿಕೊಂಡಿದ್ದ ರೋಗಿ ಈ ದರ್ಜಿಯೇ; ಮೇಡಂ ಪರೀಕ್ಷೆ ನಡೆಸಲು ಬಂದು ಮೂಲೆಯಲ್ಲಿ ನಿಂತರು. ದರ್ಜಿಯನ್ನು ಆಪರೇಷನ್ ಕೋಣೆಗೆ ಒಯ್ಯುವ ಗಾಡಿಯ ಮೇಲೆ ಮಲಗಿಸಿದ್ದರು. ಅವನು ಹೆಬ್ಬೆರಳಿನ ಹತ್ತಿರ ಏನೋ ಪಿಸುಗುಡುತ್ತಿದ್ದ. ಬಹುಶಃ ಕ್ಷಮೆ ಕೇಳುತ್ತಿದ್ದ. ಗಾಡಿ ಹೊರಟಿತು. ನರ್ಸಮ್ಮ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತಳು.

"ಬೆರಳು ತೆಗೀಬೇಡಿ."

ವಾರ್ಡಿನಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. "ಯಾರು ಹೇಳಿದ್ದು?" ಎಂದರು ಡಾಕ್ಟರು.

ನರ್ಸಮ್ಮ ಸುತ್ತ ನೋಡಿದಳು. ಮೇಡಂ ಕಿಟಕಿಯ ಆಚೆ ನೋಡುತ್ತಿದ್ದರು. ದರ್ಜಿ ಕಣ್ಣು ಮುಚ್ಚಿಕೊಂಡಿದ್ದ. ಹೇಳಿದ್ದು ಅವರು ಎಂದು ತೋರಿಸಲು ಬೇರೆ ಯಾರೂ ಸಿಗಲಿಲ್ಲ.

"ನಾನು" ಎಂದಳು. "ಪಾದದ ನಾಡಿ ಚೆನ್ನಾಗಿದೆ. ಇವರು ಬರಿಗಾಲಲ್ಲಿ ಮೆಷಿನ್ ತುಳೀತಿದ್ದಾರೆ. ಅದು ನಿಂತರೆ ಗಾಯ ಮಾಯುತ್ತೆ. ಒಂದು ತಿಂಗಳು ಕೊಡಿ. ಶೀಟಲ್ಲಿ ಬರೆದಿದ್ದೀನಿ, ಸೈನೂ ಹಾಕಿದ್ದೀನಿ."

ಡಾಕ್ಟರು ಶೀಟನ್ನು ಎರಡು ಸಲ ಓದಿದರು. ಪಾದ ಮುಟ್ಟಿ ನೋಡಿದರು. "ನಾನೂ ಅದನ್ನೇ..." ಎಂದು ಶುರು ಮಾಡಿದವರು, ಕೆಳಗಿದ್ದ ಸೈನು ನೋಡಿ ಉಳಿದದ್ದನ್ನು ನುಂಗಿಕೊಂಡರು. ಕೈಗವಸು ಬಿಚ್ಚಿದರು.

ಅದೇ ಸಂಜೆ ನರ್ಸಮ್ಮ ದರ್ಜಿಯ ಅಂಗಡಿಗೆ ಹೋಗಿ ಮೆಷಿನ್ನಿನ ಬೆಲ್ಟು ಬಿಚ್ಚಿಕೊಂಡು ಬಂದಳು. "ಸಿಸ್ಟರ್, ಹದಿನಾಲ್ಕು ರವಿಕೆ ಬಾಕಿ ಇದೆ, ಹೆಂಗಸರು ನನ್ನನ್ನ ಜೀವಸಹಿತ ಬಿಡಲ್ಲ!" ಎಂದು ದರ್ಜಿ ಗೋಳಾಡಿದ. ಹೆಂಗಸರು ಆಸ್ಪತ್ರೆಗೇ ಬಂದು ಜಗಳವಾಡಿದರು. ನರ್ಸಮ್ಮ ಜಗ್ಗಲಿಲ್ಲ. ಹೇಳುವುದು ಅಭ್ಯಾಸವಾಗಿಬಿಟ್ಟಿತ್ತು. ಬಂದವರಲ್ಲಿ ಇಬ್ಬರಿಗೆ ಸಕ್ಕರೆ ಪರೀಕ್ಷೆ ಮಾಡಿಸಿಯೇ ಕಳಿಸಿದಳು.

ತಿಂಗಳೊಳಗೆ ಗಾಯ ಮಾಯಿತು. ನರ್ಸಮ್ಮ ಪಾಸಾದಳು.

ಶಿಷ್ಯ ತೊಡೆ ತಟ್ಟಿಕೊಂಡು ನಕ್ಕ. "ನೋಡಿದ್ರಾ ಗುರುಗಳೇ! ದಾರದ ವಿಷಯ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಹಾಗಾದರೆ ಓದಿ ಏನು ಬಂತು?"

ಗುರುಗಳು ಹೇಳಿದರು: "ಗೊತ್ತಿತ್ತಪ್ಪ, ಗೊತ್ತಿದ್ದ ಆ ಮೂರು ವಾರವೂ ಗಾಯ ದೊಡ್ಡದಾಗುತ್ತಲೇ ಇತ್ತು."