ದೋಣಿಯ ಮೂತಿಯಲ್ಲಿ ಕೂತವನು

ಮಾಬ್ಲನಿಗೆ ಇಪ್ಪತ್ತಾರು ತುಂಬಿತ್ತು. ದುಡಿಯುತ್ತಿದ್ದ ಹೆಂಚಿನ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅವನಿಗೆ ಒಂದೇ ಹಟ. ಖಲಾಸಿಯಾಗಿ ಹಡಗು ಹತ್ತಬೇಕು. ಹಗ್ಗ ಎಳೆಯುವುದೋ, ಹಲಗೆ ತೊಳೆಯುವುದೋ, ಲಂಗರು ಎತ್ತುವುದೋ, ಏನಾದರೂ ಸರಿ.

ನಾಲ್ಕು ಬಂದರು ಸುತ್ತಿದ. ನಾಲ್ಕೂ ಕಡೆ ಒಂದೇ ಪ್ರಶ್ನೆ.

“ಹಿಂದೆ ಕಡಲಿಗೆ ಹೋಗಿದ್ದೀಯಾ?”

“ಇಲ್ಲ.”

“ಹೋಗಿ ಬಾ. ಆಮೇಲೆ ಕೆಲಸ ಕೊಡುವಾ.”

ಕೆಲಸ ಕೊಟ್ಟರಲ್ಲವೇ ಕಡಲಿಗೆ ಹೋಗುವುದು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅನ್ನುವಂತಾಯಿತು ಅವನ ಪಾಡು. ಊರಿನ ಮಕ್ಕಳೂ “ಮಾಬ್ಲಣ್ಣಾ, ಹಡಗು ಬಂತಾ?” ಎಂದು ಕೇಳಿ ನಗತೊಡಗಿದವು.

ಕೊನೆಗೆ ಯಾರೋ ಪುಣ್ಯಾತ್ಮ ದಾರಿ ತೋರಿಸಿದ. “ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬೊಮ್ಮಯ್ಯ ತಾಂಡೇಲ ಅಂತ ಇದ್ದಾರೆ. ಒಂದು ಕಾಲಕ್ಕೆ ಬಸ್ರಾದವರೆಗೆ ಹಾಯಿಹಡಗು ನಡೆಸಿದವರು. ಈಗ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸಿಕೊಂಡಿದ್ದಾರೆ. ಅವರು ಒಂದು ಮಾತು ಹೇಳಿದರೆ ಯಾವ ಹಡಗಿನಲ್ಲೂ ಜಾಗ ಸಿಗ್ತದೆ.”

ಮಾಬ್ಲ ಹೋದಾಗ ಮುದುಕ ದಡದಲ್ಲಿ ಕೂತು ದೋಣಿಗೆ ಮೀನೆಣ್ಣೆ ಹಚ್ಚುತ್ತಿದ್ದರು.

“ಎಂತ ಬರ್ತದೆ ನಿಂಗೆ?”

“ಎಂತದೂ ಬರೂದಿಲ್ಲ, ಅಜ್ಜ.”

“ಕಣ್ಣು ಕಾಣ್ತದಾ?”

“ಚಲೋ ಕಾಣ್ತದೆ.”

“ಬಾಯಿ ಬರ್ತದಾ?”

ಮಾಬ್ಲನಿಗೆ ನಗು ಬಂತು. “ಅದೂ ಬರ್ತದೆ.”

“ಹಾಂಗಾದ್ರೆ ಸಾಕು. ಚೀಲ ಇಳಿಸು.”

ಗಂಟು ಹಾಕುವುದು, ಹಾಯಿ ಬಿಚ್ಚಿ ಕಟ್ಟುವುದು, ದೋಣಿಗೆ ಬಂದ ನೀರು ಮೊಗೆಯುವುದು. ಇವನ್ನೆಲ್ಲ ಹುಡುಗ ಒಂದು ತಿಂಗಳಲ್ಲೇ ಕಲಿತ. ಆದರೆ ಬೊಮ್ಮಯ್ಯ ಮೊದಲ ದಿನವೇ ಹೇಳಿಕೊಟ್ಟ ಕೆಲಸ ಬೇರೆಯಿತ್ತು. ದೋಣಿಯ ಮೂತಿಯಲ್ಲಿ ಕೂರುವುದು.

“ಕಂಡದ್ದನ್ನ ಕೂಗಿ ಹೇಳು. ನಾನು ‘ಕೇಳಿತು’ ಅಂಬುವರೆಗೂ ಕೂಗು. ನಂಗೆ ಅದು ಕಂಡದೆಯೋ ಇಲ್ವೋ, ಆ ವಿಚಾರ ನಿಂಗೆ ಬೇಡ.”

ಇಷ್ಟೇ ತಾನೇ! ಮಾಬ್ಲ ಗಂಟಲು ಹರಿದುಕೊಂಡು ಕೂಗಿದ.

“ಎಡಕ್ಕೆ ಬಲೆಯ ಗೂಟ!”

“ಕೇಳಿತು.”

“ಎದುರಿಗೆ ತೆಂಗಿನಗರಿ ತೇಲ್ತಾ ಬರ್ತದೆ!”

“ಕೇಳಿತು.”

“ಬಲಕ್ಕೆ ನೀರುಕಾಗೆ!”

ಆ ಬಡಪಾಯಿ ನೀರುಕಾಗೆಗೂ ಅಜ್ಜ ಅಷ್ಟೇ ಗಂಭೀರವಾಗಿ ‘ಕೇಳಿತು’ ಎಂದರು.

ದಿನಾ ಆಚೆ ದಡಕ್ಕೆ ಮೀನು ಮಾರಲು ಹೋಗುವ ಬೀರಮ್ಮ ಬುಟ್ಟಿಯ ಮೇಲೆ ಕೈಯಿಟ್ಟು ನಕ್ಕುಬಿಟ್ಟಳು. “ಏ ತಮ್ಮಾ, ಈ ಹೊಳೆ ತಾಂಡೇಲಜ್ಜನ ಅಂಗೈ ಇದ್ದಂಗೆ. ಅಜ್ಜಿಗೆ ಕೆಮ್ಮು ಕಲಿಸೂಕೆ ಬಂದ್ಯಾ?”

ದೋಣಿಗೆ ದೋಣಿಯೇ ನಕ್ಕಿತು. ಮಾಬ್ಲನ ಕಿವಿ ಕೆಂಪಾಯಿತು.

ಹೌದಲ್ಲ, ಎಂದುಕೊಂಡ ಅವನು. ಗುರುವಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು? ಅಂದಿನಿಂದ ಅವನ ಕೂಗು ಮಾತಾಯಿತು, ಮಾತು ಗೊಣಗಾಯಿತು. ವಾರ ಕಳೆಯುವುದರೊಳಗೆ ಅದೂ ನಿಂತಿತು.

ಸಂಜೆ ಅಜ್ಜ ಕೇಳಿದರು. “ಇವತ್ತು ಹೊಳೆಯಲ್ಲಿ ಎಂತದೂ ಇರ್ಲಿಲ್ವಾ?”

“ವಿಶೇಷ ಎಂತದೂ ಇಲ್ಲ, ಅಜ್ಜ.”

ಸುಮ್ಮನೆ ಕೂತವನಿಗೆ ಬೇರೆ ಸಂಗತಿಗಳು ಕಾಣತೊಡಗಿದವು. ಗಂಜಿಯ ಮುಂದೆ ಕೂತಾಗ ಅಜ್ಜನ ಕೈ ಉಪ್ಪಿನಕಾಯಿಯನ್ನು ತಡವಿ ಹುಡುಕುತ್ತಿತ್ತು. ಜನ ಬಾಯಿಬಿಡುವವರೆಗೂ ಅವರು ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಂದು ದಿನ ಕಂಬಕ್ಕೆ ನೇತುಹಾಕಿದ್ದ ಅಂಗಿಗೆ “ಬಾ ಮಾಬ್ಲಾ, ಕೂತ್ಕೋ” ಎಂದರು.

ಆಗ ಮಾಬ್ಲನಿಗೆ ಹೊಳೆಯಿತು. ಅಜ್ಜನಿಗೆ ಕಣ್ಣು ಹೋಗುತ್ತಿದೆ.

ಹೇಳುವುದು ಹೇಗೆ? ಹೆತ್ತಪ್ಪನಿಗೇ ‘ನಿನಗೆ ವಯಸ್ಸಾಯಿತು’ ಎನ್ನಲು ನಾಲಿಗೆ ಏಳುವುದಿಲ್ಲ, ಇನ್ನು ಗುರುವಿಗೆ ಹೇಳುವುದುಂಟೇ? ಬದಲಿಗೆ ಅವನು ಉಪ್ಪಿನಕಾಯಿಯನ್ನು ಅಜ್ಜನ ಬೆರಳಿನ ಹತ್ತಿರವೇ ಇಟ್ಟ. ಚಪ್ಪಲಿಯನ್ನು ಕಾಲಿನ ಬುಡಕ್ಕೆ ಸರಿಸಿದ. ಹೊಳೆಯಲ್ಲಿ ಅಡ್ಡ ಬಂದದ್ದನ್ನು ಸದ್ದಿಲ್ಲದೆ ಗಳದಿಂದ ದೂಡಿದ. ಇದೇ ಸೇವೆ ಎಂದುಕೊಂಡ. ಅದರಲ್ಲಿ ಪ್ರೀತಿಯೂ ಇತ್ತು, ಸುಳ್ಳಲ್ಲ.

ಮಳೆಗಾಲದ ಕೊನೆಯ ನೆರೆಯಲ್ಲಿ ಒಂದು ಮರದ ದಿಮ್ಮಿ ತೇಲಿ ಬಂತು.

ಮಾಬ್ಲ ಕಂಡ. ಬಾಯಿ ತೆರೆದ. ದೋಣಿ ತುಂಬ ಜನ. ಕೂಗಿದರೆ ಅಜ್ಜ ಈಗ ತಿರುಗಿಸಲು ತಡವರಿಸುತ್ತಾರೆ, ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಬಾಯಿ ಮುಚ್ಚಿ ಗಳ ಎತ್ತಿದ. ಗಳ ಜಾರಿತು. ದಿಮ್ಮಿ ದೋಣಿಗೆ ಗುದ್ದಿತು. ಬೀರಮ್ಮನ ಬುಟ್ಟಿ ಹೊಳೆಪಾಲಾಯಿತು, ಬೀರಮ್ಮನೂ ಹೋಗುತ್ತಿದ್ದಳು. ಮಾಬ್ಲ ಅವಳ ರಟ್ಟೆ ಹಿಡಿದು ಒಳಗೆಳೆದ.

ದಡ ಸೇರಿ, ಜನ ಚದುರಿದ ಮೇಲೆ ಬೊಮ್ಮಯ್ಯ ಕೇಳಿದರು.

“ಕಂಡಿತ್ತಾ?”

“ಕಂಡಿತ್ತು.”

“ಕೂಗ್ಲಿಲ್ಲ ಎಂತಕ್ಕೆ?”

“ನಿಮ್ಗೆ ಕಂಡಿರ್ತದೆ ಅಂದ್ಕಂಡೆ.”

ಅದು ಸುಳ್ಳು. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

“ಗಂಜಿ ಆರ್ತದೆ. ಉಣ್ಣು” ಎಂದರು ಅಜ್ಜ.

ಎಂಟು ದಿನ ಕಳೆದ ಮೇಲೆ ಹಸನಬ್ಬ ಬಂದ. ದ್ವೀಪಗಳಿಗೆ ಈರುಳ್ಳಿ, ಹೆಂಚು ಸಾಗಿಸುವ ಮಂಜಿಯೆಂಬ ಹಾಯಿಹಡಗಿನ ಒಡೆಯ, ಹಳೆಯ ಕಾಲದಲ್ಲಿ ಬೊಮ್ಮಯ್ಯನ ಕೈಕೆಳಗಿನ ಖಲಾಸಿ. ಮಂಜಿ ಅಳಿವೆಯ ಹೊರಗೆ ಲಂಗರು ಹಾಕಿ ನಿಂತಿತ್ತು. ಜ್ವರ ಬಂದ ಒಬ್ಬ ಆಳನ್ನು ಅವನ ಮನೆಗೆ ಬಿಟ್ಟು, ಗುರುವಿನ ಕಾಲು ಮುಟ್ಟಿ ಹೋಗೋಣವೆಂದು ಬಂದಿದ್ದ.

“ಒಂದು ಜನ ಕಮ್ಮಿ ಬಿತ್ತು ತಾಂಡೇಲರೇ. ಈ ಹುಡುಗ ಆದೀತಾ? ಕಡಲಿಗೆ ಹೋದವನಾ?”

ಮತ್ತದೇ ಪ್ರಶ್ನೆ! ಮಾಬ್ಲ ಅಜ್ಜನ ಮುಖ ನೋಡಿದ. ಒಂದು ಮಾತು, ಒಂದೇ ಒಂದು ‘ಹ್ಞೂಂ’ ಸಾಕು.

ಬೊಮ್ಮಯ್ಯ ಹ್ಞೂಂ ಎನ್ನಲಿಲ್ಲ. “ನನ್ನ ಮಾತು ಬೇಡ, ಹಸನಬ್ಬಾ. ನಿನ್ನನ್ನ ಮಂಜಿಯವರೆಗೆ ನಾನೇ ಬಿಡ್ತೆ. ದಾರಿಯಲ್ಲಿ ಅವನ ಮಾತು ಕೇಳು.”

ಮಾಬ್ಲ ತಲೆ ತಗ್ಗಿಸಿ ದೋಣಿಯ ಹಗ್ಗ ಬಿಚ್ಚತೊಡಗಿದ. ಅಜ್ಜನಿಗೆ ದಿಮ್ಮಿಯ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡ.

“ನಾನೂ ಬತ್ತೆ” ಎಂದು ಬೀರಮ್ಮ ದೋಣಿ ಹತ್ತಿದಳು. ಎಂತಕ್ಕೆಂದು ಹೇಳಲಿಲ್ಲ.

ದಡದಿಂದ ಬೀಸುವ ಬೆಳಗಿನ ಗಾಳಿಗೆ ಹಾಯಿ ತುಂಬಿತು. ಅಜ್ಜ ಚುಕ್ಕಾಣಿ ಹಿಡಿದರು. ಮಾಬ್ಲ ಮೂತಿಯಲ್ಲಿ ಕೂತ.

ಆ ವರ್ಷದ ನೆರೆ ಅಳಿವೆಯ ಮರಳನ್ನೆಲ್ಲ ಕಲಕಿಹಾಕಿತ್ತು. ಹಿಂದೆ ಆಳ ನೀರಿದ್ದ ಕಡೆ ಈಗ ದಿಬ್ಬ ಎದ್ದು, ಅಲೆ ಮುರಿದು ಬೆಳ್ಳಗೆ ನೊರೆಯಾಗುತ್ತಿತ್ತು. ಅಜ್ಜ ನಲವತ್ತು ವರ್ಷದ ನೆನಪಿನಲ್ಲಿ ದೋಣಿಯನ್ನು ನೇರ ಅತ್ತಲೇ ಬಿಟ್ಟಿದ್ದರು.

“ಎದುರಿಗೆ ದಿಬ್ಬ” ಎಂದ ಮಾಬ್ಲ. ಸ್ವರ ತುಟಿ ದಾಟಲಿಲ್ಲ.

ಚುಕ್ಕಾಣಿ ಅಲುಗಲಿಲ್ಲ.

“ಎದುರಿಗೆ ಮರಳದಿಬ್ಬ, ಅಜ್ಜ!”

“ಅಲ್ಲಿ ದಿಬ್ಬ ಇಲ್ಲ” ಎಂದರು ಬೊಮ್ಮಯ್ಯ. “ನಲವತ್ತು ವರ್ಷದಿಂದ ಇಲ್ಲ.”

ನೊರೆ ಹತ್ತಿರವಾಯಿತು. ಹಸನಬ್ಬ ಏಳಲು ಹೊರಟ. ಬೀರಮ್ಮ ಅವನ ಅಂಗಿ ಹಿಡಿದು ಕೂರಿಸಿದಳು.

ಅಜ್ಜ ‘ಕೇಳಿತು’ ಎಂದಿರಲಿಲ್ಲ. ಮಾಬ್ಲ ಹಿಂದಕ್ಕೆ ತಿರುಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇಡೀ ಅಳಿವೆಗೆ ಕೇಳುವಂತೆ ಕೂಗಿದ.

“ಈಗ ಇದೆ, ಅಜ್ಜ! ನಂಗೆ ಕಾಣ್ತದೆ, ನಿಮ್ಗೆ ಕಾಣೂದಿಲ್ಲ! ನಿಮ್ಗೆ ಕಣ್ಣು ಕಾಣೂದಿಲ್ಲ! ಬಲಕ್ಕೆ ತಿರುಗ್ಸಿ!”

ಬೀರಮ್ಮ ಹಸನಬ್ಬನ ಅಂಗಿ ಬಿಟ್ಟಳು.

“ಕೇಳಿತು” ಎಂದರು ಬೊಮ್ಮಯ್ಯ. ಚುಕ್ಕಾಣಿ ತಿರುಗಿತು. ದಿಬ್ಬ ಎಡಕ್ಕೆ ನಾಲ್ಕು ಮಾರು ದೂರದಲ್ಲಿ ಸರಿದುಹೋಯಿತು.

ಮಂಜಿಯ ಪಕ್ಕಕ್ಕೆ ದೋಣಿ ಬಂದಾಗ ಹಸನಬ್ಬ ಮೊದಲು ಮೇಲೆ ಹತ್ತಿ, ಹಗ್ಗವನ್ನು ಮಾಬ್ಲನ ಕೈಗೆ ಎಸೆದ. “ಹತ್ತು ಮಾರಾಯಾ. ನಿನ್ನ ಚೀಲ ಆಮೇಲೆ ತರ್ಸುವಾ.”

ನಾಲ್ಕು ಬಂದರಿನಲ್ಲಿ ಸಿಗದ ಕೆಲಸ ಹೀಗೆ ಸಿಕ್ಕಿತು. ಕುಣಿಯಬೇಕಿದ್ದವನು ಅಜ್ಜನ ಕಾಲ ಬಳಿ ಕೂತು ಅತ್ತ.

“ನಾಲ್ಕು ಜನರ ಎದುರು ನಿಮ್ಮ ಮಾನ ತೆಗೆದೆ, ಅಜ್ಜ.”

“ಎಂತ ನಾಲ್ಕು ಜನ” ಎಂದಳು ಬೀರಮ್ಮ. “ಊರಿಗೇ ಗೊತ್ತಿತ್ತು. ಅದ್ಕೇ ನಾನು ದಿನಾ ಇದೇ ದೋಣಿ ಹತ್ತೂದು, ಏನಾದ್ರೂ ಆದ್ರೆ ಅಂತ. ಅಜ್ಜಿಗೆ ಕೆಮ್ಮು ಅಂತ ನಿನ್ನ ನಗ್ಯಾಡಿದ್ದೂ ಅಜ್ಜನ ಕಣ್ಣಿನ ವಿಚಾರ ಮುಚ್ಚೂಕೇ. ಹೇಳೂಕೆ ಬಾಯಿ ಬರ್ಲಿಲ್ಲ.”

ಬೊಮ್ಮಯ್ಯ ಮಾಬ್ಲನ ತಲೆಯನ್ನು ತಡವಿ ಹುಡುಕಿ, ಅದರ ಮೇಲೆ ಕೈಯಿಟ್ಟರು.

“ನಂಗೂ ಬರ್ಲಿಲ್ಲ, ಮಗಾ. ಚುಕ್ಕಾಣಿ ಬಿಟ್ರೆ ಮತ್ತೆಂತ ಹಿಡೀಲಿ ಅಂತ ಹೆದ್ರಿಕೆ. ದಿಮ್ಮಿ ಗುದ್ದಿದ ದಿನ ನೀನು ಒಂದು ಸುಳ್ಳು ಹೇಳ್ದೆ. ನಾನು ಮೂರು ವರ್ಷದಿಂದ ಅದೇ ಸುಳ್ಳು ಹೇಳ್ತಾ ಇದ್ದೆ.”

“ನಾನು ಹೋಗೂದಿಲ್ಲ ಅಜ್ಜ. ನಿಮ್ಮ ದೋಣಿಯ ಮೂತಿಯಲ್ಲಿ ಯಾರು ಕೂರ್ತ್ರು?”

“ನಾನೇ ಕೂರ್ತೆ” ಎಂದರು ಅಜ್ಜ. “ಇನ್ನು ಕಣ್ಣು ಕಾಂಬವ್ರು ಚುಕ್ಕಾಣಿಗೆ. ಬೀರಮ್ಮಾ, ಹಿಡೀತ್ಯಾ?”

“ಅಪ್ಪ ಕಲ್ಸಿದ್ದು ಮರ್ತಿಲ್ಲ” ಎಂದಳು ಬೀರಮ್ಮ, ಸೆರಗು ಸಿಕ್ಕಿಸಿಕೊಳ್ಳುತ್ತ.

ಮಂಜಿಯವರು ಕೊಟ್ಟ ಅನ್ನ ಮೀನುಸಾರು ಉಂಡು, ಮಧ್ಯಾಹ್ನದ ಕಡಲಗಾಳಿ ಎದ್ದ ಮೇಲೆ ದೋಣಿ ದಡಕ್ಕೆ ಹೊರಟಿತು. ಬೀರಮ್ಮ ಹಿಂದೆ, ಬೊಮ್ಮಯ್ಯ ಮುಂದೆ. ಮಾಬ್ಲ ಮಂಜಿಯ ಅಂಚು ಹಿಡಿದು ನಿಂತ. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಕಲಿತ ಪಾಠ ಒಂದೇ.

“ಅಜ್ಜಾ! ನೀವು ನಂಗೆ ಕಾಣ್ತೀರಿ!”

“ಕೇಳಿತು!”

ದೋಣಿ ದಿಬ್ಬದ ಪಕ್ಕದಿಂದ ಸರಿಯಾಗಿ ದಾಟಿತು.

“ಇನ್ನೂ ಕಾಣ್ತೀರಿ!”

“ಕೇಳಿತು!”

ಹಾಯಿ ಚಿಕ್ಕದಾಗುತ್ತ ಹೊಳೆಯ ತಿರುವಿಗೆ ಹೋಯಿತು, ದಡದ ಗಿಡಗಳು ಅದನ್ನು ಮರೆಮಾಡಿದವು. ಮಾಬ್ಲ ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಬರೀ ನೀರು.

“ಅಜ್ಜಾ! ಈಗ ಕಾಣ್ತಿಲ್ಲ!”

ಗಾಳಿ ದಡದ ಕಡೆ ಬೀಸುತ್ತಿತ್ತು. ಅದಕ್ಕೆ ಎದುರಾಗಿ, ಬಹಳ ಹೊತ್ತಿನ ಮೇಲೆ, ಸಣ್ಣಗೆ ಬಂತು.

“ಕೇಳಿತು.”